ಜವಳಗೇರಾದಲ್ಲಿ ತೆರೆದ ಹಗೇವು

...ಇಲ್ಲ, ಆ ದಿನ ಬಿಸಿಲಿತ್ತು ಎಂದು ಬರೆದರೆ ಸುಳ್ಳಾದೀತು. ಮೋಡವಿತ್ತೇ? ನೆನಪು ತನಗೆ ಬೇಕಾದ ಹವೆಯನ್ನು ಆಮೇಲೆ ಸೇರಿಸಿಕೊಳ್ಳುತ್ತದೆ. ಖಾತ್ರಿ ಇರುವುದಿಷ್ಟು: ಹೊಸ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಲಿಂಗಸುಗೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. "ಹಾಲಿ ಅದಾವೇನ್ರೀ, ಕಲ್ದಾರ?" ಎಂದ ಕಂಡಕ್ಟರ್. ಹಾಲಿ ಎಂಬ ನಿಜಾಮನ ನಾಣ್ಯ, ಕಲ್ದಾರವೆಂಬ ಭಾರತದ ರೂಪಾಯಿಯ ಜೊತೆಗೆ, ಇನ್ನೂ ನಡೆಯುತ್ತಿತ್ತು. ಮಸ್ಕಿಯಲ್ಲಿ ಅರ್ಧ ತಾಸು ನಿಂತೆವು. ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆ. ಅಲ್ಲಿಂದ ಸಿಂಧನೂರಿನವರೆಗೆ ಬಸ್ಸಿನ ತುಂಬ ಒಂದೇ ಮಾತು: ನೀರು. ಯಾರ ಹೊಲಕ್ಕೆ ಬಂತು, ಯಾರದಕ್ಕೆ ಬಂದೀತು.

ಸಿಂಧನೂರಿನಲ್ಲಿ ಬಸ್ಸು ಬದಲಿಸಿದಾಗ ಜವಳಗೇರಾದ ರೈತ ಅಮರೇಶ ಪಕ್ಕದಲ್ಲಿ ಕುಳಿತ. ತೊಡೆಯ ಮೇಲೆ ಗಂಗಾವತಿಯಿಂದ ತಂದ ಬಿತ್ತನೆ ಭತ್ತದ ಚೀಲ. ಅವರದು ತಲೆತಲಾಂತರದಿಂದ ಜೋಳದ ಹೊಲ. ಭತ್ತವನ್ನು, ಅವರ ಮಾತಿನಲ್ಲಿ ನೆಲ್ಲನ್ನು, ಎಂದೂ ಬೆಳೆದವರಲ್ಲ.

"ಅವ್ವ ಒಂದ ಮಾತು ಹೇಳ್ಯಾಳ್ರೀ. ಹಗೇವಿನ್ಯಾಗಿನ ಜೋಳ ಛಲೋ ಇದ್ರ ನೆಲ್ಲು ಹಾಕು, ನೆಲ್ಲು ಕೆಟ್ರೂ ಈ ಜೋಳದಾಗ ವರ್ಷ ಉಣ್ತೀವಿ. ಇಲ್ಲಂದ್ರ ಜೋಳಾನ ಬಿತ್ತು ಅಂತ. ಇವತ್ತ ತೆಗಿತೀವಿ, ಬರ್ರಿ ನೋಡಾಕ."

ಅವನ ಜೊತೆಗೇ ಇಳಿದೆ.

ಹಗೇವೆಂದರೆ ಮನೆಯ ಮುಂದೆ ಆಳವಾಗಿ ತೋಡಿದ ಕಾಳಿನ ಗುಂಡಿ. ಚಪ್ಪಡಿ ಸರಿಸಿ, ಒಳಗೆ ಕೆಟ್ಟ ಗಾಳಿ ಇದೆಯೇ ನೋಡಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಬಿಟ್ಟರು. ಎರಡು ಸಲ ಆರಿತು. ಮೂರನೆಯ ಸಲ ಉರಿಯಿತು. ಅಮರೇಶ ಇಳಿದ.

"ಏನೈತೋ?" ತಾಯಿ ಗೌರವ್ವ ಬಗ್ಗಿ ಕೇಳಿದಳು.

"ಬಂಗಾರ ಐತೆವ್ವ!"

ಬುಟ್ಟಿಯ ಮೇಲೆ ಬುಟ್ಟಿ ಬಂತು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ದನಿ ಕುಗ್ಗಿತು. "ಬುಡದ್ದು ತೊಯ್ದೈತಿ. ಹುಳಿ ವಾಸನಿ."

ಆ ಗುಂಡಿ ಹಿಂದೆಂದೂ ಒದ್ದೆಯಾದದ್ದಿಲ್ಲವಂತೆ. ಕಾಲುವೆ ಊರಾಚೆ, ಅವರ ಹೊಲಕ್ಕೆ ನೀರು ಇನ್ನೂ ಮುಟ್ಟಿರಲಿಲ್ಲ. ಭತ್ತದ ಮಾತು ಮುಗಿಯಿತೆಂದುಕೊಂಡೆ. ಗೌರವ್ವ ಒದ್ದೆ ಕಾಳನ್ನು ಮೂಸಿ, ನನಗೂ ಮೂಸಲು ಕೊಟ್ಟು, ಒಮ್ಮೆಲೇ ನಕ್ಕಳು.

"ನೋಡ್ರಿ, ಕರೀಲಾರದ ಬಂದ ಬೀಗ್ರು! ಮನಿ ಬುಡಕ್ಕ ಬಂದ ಕಾಲುವಿ ನೀರು ಹೊಲ ಬಿಟ್ಟೀತ? ಲೇ ಅಮರ್ಯಾ, ಮ್ಯಾಲ ಬಾ. ನೆಲ್ಲು ನೆನಿಹಾಕು."

"ಹಗೇವು ಹೋತಲ್ಲಬೇ. ಇನ್ನ ಕಾಳು ಎಲ್ಲಿ ಇಡೋದು?"

"ಬೆಳದ ಮ್ಯಾಲ ಕೇಳು!"

ಸಂಜೆಯ ಬಸ್ಸಿನಿಂದ ತಿರುಗಿ ನೋಡಿದೆ. ಅಂಗಳದ ತುಂಬ ಜೋಳ ಒಣಗಲು ಹರವಿದ್ದರು. ಹಾಗಾದರೆ ಬಿಸಿಲು ಇದ್ದಿರಲೇಬೇಕು. ಗುಂಡಿಗೆ ಬಂದದ್ದು ಕಾಲುವೆಯ ನೀರೋ, ಹಿಂದಿನ ಮಳೆಯದೋ, ಅಲ್ಲಿ ಯಾರೂ ಕೇಳಲಿಲ್ಲ. ಆ ಸಂಭ್ರಮದಲ್ಲಿ ನಾನೂ ಕೇಳಲಿಲ್ಲ. ಮತ್ತೆ ಆ ದಾರಿಯಲ್ಲಿ ಹೋಗಲಿಲ್ಲ. ಆ ವರ್ಷ ಅವರು ಏನು ಉಂಡರೋ ನನಗೆ ಗೊತ್ತಿಲ್ಲ.