ಎಲ್ಸಿಯ ಬಾಗಿಲು ನೋಡಲು ಹೋದದ್ದು

ನಾನಿರುವ ಟೂಂಗಾಬಿಯಿಂದ ಬೆಳಗಿನ ಆರರ ಲೋಕಲ್ ಹಿಡಿದು ಸೆಂಟ್ರಲ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಮೆಲ್ಬರ್ನ್ ರೈಲು ಹತ್ತಿದೆ. ವಿಮಾನದಲ್ಲಾದರೆ ಒಂದೂವರೆ ಗಂಟೆ, ರೈಲಿನಲ್ಲಿ ಹನ್ನೊಂದು. ನನಗೆ ವಿಮಾನವೆಂದರೆ ಕಿವಿನೋವು. ಹೆಂಡತಿ ಕಟ್ಟಿಕೊಟ್ಟ ಚಪಾತಿ ಬುತ್ತಿ ಹಿಡಿದು ಕಿಟಕಿ ಪಕ್ಕ ಕೂತೆ. ಗೌಲ್ಬರ್ನ್ ತನಕ ಮಂಜು, ಆಮೇಲೆ ಒಣಹುಲ್ಲು, ಕುರಿ, ಮತ್ತೆ ಒಣಹುಲ್ಲು.

ಹೊರಟದ್ದು ಒಂದು ಬಾಗಿಲು ನೋಡಲು. ಪಕ್ಕದ ಮನೆಯ ಐರೀನ್ ಆಂಟಿಗೆ ಎಂಬತ್ತೆಂಟು ವರ್ಷ. ಅವರ ತಾಯಿ ಎಲ್ಸಿ, ಇಂಗ್ಲೆಂಡಿನ ಹಳ್ಳಿಯೊಂದರ ದೊಡ್ಡ ಬಂಗಲೆಯಲ್ಲಿ ಅಡುಗೆಮನೆ ಕೆಲಸಕ್ಕಿದ್ದವರು. ಮದುವೆಯಾಗಿ ಕೆಲಸ ಬಿಡುವ ಹುಡುಗಿಯರು ಅಡುಗೆಮನೆ ಬಾಗಿಲಿನ ಒಳಬದಿಗೆ ಚಾಕುವಿನಿಂದ ಹೆಸರು ಕೆತ್ತಿ ಹೋಗುವುದು ಅಲ್ಲಿನ ರೂಢಿಯಂತೆ. ಯುದ್ಧದ ನಂತರ ಬಂಗಲೆ ಕೆಡವಿ, ಮರದ ಸಾಮಾನೆಲ್ಲ ಹರಾಜು ಹಾಕಿದರು. ಆ ಬಾಗಿಲು ಹಡಗು ಹತ್ತಿ ಬಂದು ಈಗ ಮೆಲ್ಬರ್ನಿನ ಮದುವೆ ಹಾಲ್ ಒಂದರಲ್ಲಿದೆ ಎಂದು ಆಂಟಿಗೆ ಈಚೆಗೆ ತಿಳಿದಿತ್ತು.

"ಅಮ್ಮನ ಕೈಬರಹ ಅಂತ ಈಗ ನನ್ನ ಹತ್ತಿರ ಏನೂ ಉಳಿದಿಲ್ಲ. ಒಂದು ಫೋಟೊ ತಂದುಕೊಡು," ಎಂದಿದ್ದರು.

ನಾನು ಕಾರ್ಕಳದ ಕಡೆಯವನು, ಮರದ ಪಾಲಿಶ್ ಕೆಲಸದವನು. ಹೋದ ವರ್ಷ ಆಂಟಿಯ ಅಡುಗೆಮನೆಯ ಹಳೇ ಸ್ಟೂಲಿನ ಕಾಲು ಗಟ್ಟಿಮಾಡಿ, ಚೆನ್ನಾಗಿ ಉಜ್ಜಿ, ಪಾಲಿಶ್ ಹೊಡೆದುಕೊಟ್ಟಿದ್ದೆ. ಆ ಸಲಿಗೆಯಿಂದಲೇ ಕೇಳುತ್ತಿದ್ದಾರೆ ಅಂದುಕೊಂಡೆ.

ಸಂಜೆ ಆರೂವರೆಗೆ ಇಳಿದಾಗ ಜಿನುಗು ಮಳೆ, ಹಾಳು ಗಾಳಿ. ನನ್ನೂರಿನವನೇ ಆದ ಸತೀಶ ಕಾರು ತಂದಿದ್ದ.

"ಎಂತ ಮಾರಾಯ, ಒಂದು ಬಾಗಿಲು ನೋಡ್ಲಿಕ್ಕೆ ಇಷ್ಟು ದೂರವಾ? ನನ್ನ ಮನೆಯಲ್ಲಿ ಎಂಟು ಉಂಟು. ಒಂದನ್ನೂ ಸರಿಯಾಗಿ ಹಾಕ್ಲಿಕ್ಕೆ ಆಗುದಿಲ್ಲ."

ಮರುದಿನ ಹತ್ತು ಗಂಟೆಗೆ ಹಾಲ್ ತಲುಪಿದೆವು. ಆ ಬಾಗಿಲಿನ ಪಕ್ಕ ಬಂಗಲೆಯ ಚರಿತ್ರೆ ಬರೆದ ಹಿತ್ತಾಳೆ ಫಲಕ. ಸಕ್ಕರೆ ವ್ಯಾಪಾರದಲ್ಲಿ ದುಡ್ಡು ಮಾಡಿದವನೊಬ್ಬ ಕಟ್ಟಿಸಿದ್ದು, ನಲವತ್ತು ಕೋಣೆ, ಮೊಮ್ಮಗನ ಕಾಲಕ್ಕೆ ಮಾಡು ಸೋರಿ, ತೆರಿಗೆ ಏರಿ, ಕೊನೆಗೆ ಕೆಡವಿದ್ದು. ಧಣಿಯ ಹೆಸರು, ಹೆಂಡತಿಯ ಹೆಸರು, ರೇಸ್ ಗೆದ್ದ ಕುದುರೆಯ ಹೆಸರು ಕೂಡ ಇತ್ತು. ಆ ಕುದುರೆ ಮನೆಯಲ್ಲಿ ಒಂದು ತಟ್ಟೆ ತೊಳೆದಿತ್ತೇ? ತೊಳೆದವರ ಸುದ್ದಿಯೇ ಇಲ್ಲ. ನನ್ನ ಮೈ ಉರಿಯಿತು.

ಬಾಗಿಲು ತಿರುಗಿಸಿ ಒಳಬದಿ ನೋಡಿದೆ. ನುಣ್ಣಗೆ, ಹೊಸ ವಾರ್ನಿಶ್. ಬೆರಳಾಡಿಸಿದೆ, ಟಾರ್ಚ್ ಹಿಡಿದು ಓರೆಯಾಗಿ ನೋಡಿದೆ. ಒಂದಕ್ಷರವೂ ಇಲ್ಲ.

"ತುಂಬಾ ಗೀರುಗಳಿದ್ದವು, ಉಜ್ಜಿಸಿ ತೆಗೆಸಿದೆವು. ಈಗ ಚೆನ್ನಾಗಿದೆ ಅಲ್ವಾ?" ಎಂದಳು ಮ್ಯಾನೇಜರ್.

"ಅವು ಗೀರಲ್ಲ, ಹೆಸರುಗಳು. ಉಜ್ಜುವ ಮೊದಲು ಯಾರನ್ನಾದರೂ ಕೇಳಬಾರದಿತ್ತೇ?" ಎಂದೆ. ನನ್ನ ದನಿ ಏರಿದ್ದು ನನಗೇ ಗೊತ್ತಾಯಿತು. ಎಲ್ಸಿಯ ಹೆಸರನ್ನು ಫಲಕದಲ್ಲಾದರೂ ಸೇರಿಸಿ ಎಂದರೆ, ಅದರಲ್ಲಿ ಜಾಗವಿಲ್ಲ ಎಂದಳು. ಕುದುರೆಗೆ ಜಾಗವಿತ್ತು! ಸತೀಶ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದ. "ಸಾಕು, ಬಾ. ಇನ್ನು ಬೈದ್ರೆ ಅಕ್ಷರ ವಾಪಸ್ ಬರ್ತದಾ?"

ಅದರ ಮರುದಿನದ ರೈಲಿನಲ್ಲಿ ಹನ್ನೊಂದು ಗಂಟೆಯೂ ಅದೇ ಸಿಟ್ಟು. ಕುರಿಗಳನ್ನು ಕಂಡರೂ ರೇಗುತ್ತಿತ್ತು.

ಮನೆಗೆ ಬಂದ ಮಾರನೇ ಬೆಳಿಗ್ಗೆ ಆಂಟಿಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಆಂಟಿ ಚಹಾ ಸೋಸುತ್ತ ಕೇಳಿಸಿಕೊಂಡರು.

"ಬಿಡು. ಚೆನ್ನಾಗಿ ಕಾಣಲಿ ಅಂತ ಮಾಡಿದ್ದಾರೆ, ಪಾಪ."

"ಪಾಪ ಏನು ಬಂತು ಆಂಟಿ? ಗೊತ್ತಿಲ್ಲ ಅಂದರೆ ಕೇಳಬೇಕಿತ್ತು."

ಅವರು ಕಪ್ಪನ್ನು ನನ್ನ ಕೈಗಿಟ್ಟರು. ನಾನು ಕೂತಿದ್ದ ಸ್ಟೂಲಿನ ಕಡೆ ನೋಡಿ, "ಆ ಸ್ಟೂಲೂ ಅದೇ ಬಂಗಲೆಯದು. ಈ ದೇಶಕ್ಕೆ ಬರುವಾಗ ಅಮ್ಮ ತಂದಿದ್ದಳು. ಅದರ ಮೇಲೂ ಹೆಸರು ಕೆತ್ತಿದ್ದಳು," ಎಂದರು. ದನಿಯಲ್ಲಿ ದೂರೇನೂ ಇರಲಿಲ್ಲ.

ನಾನು ಎದ್ದು ನಿಂತು ಹಲಗೆ ನೋಡಿದೆ. ನನ್ನದೇ ಕೈಕೆಲಸ, ಒಂದು ಗೀರೂ ಇರಲಿಲ್ಲ.