ಅಜ್ಜಿ ಎಣಿಸಿದ ಬಸ್ಕಿ

ಮನೆಗೆಲ್ಲ ಸೇರಿ ಅಪ್ಪನ ಬಟನ್ ಮೊಬೈಲೊಂದೇ ಇದ್ದ ಕಾಲ ಅದು. ಬೊಬ್ರುವಾಡದ ನಮ್ಮ ಮನೆಯಲ್ಲಿ ಊಟವಾದ ಒಂದು ತಾಸಿಗೆಲ್ಲ ದೀಪ ಆರಿಸಿಬಿಡುತ್ತಿದ್ದರು. ಅಪ್ಪ ನಸುಕಿಗೆ ದೋಣಿಗೆ ಹೋಗಬೇಕು, ಅವನಿಗಿಂತ ಮೊದಲು ಆಯಿ, ಅಂದರೆ ನಮ್ಮಮ್ಮ, ಎದ್ದು ಚಾ ಕಾಯಿಸಬೇಕು. ಆ ವರ್ಷದ ಬಂಗಡೆ ಮೀನಿನ ಹಂಗಾಮಿನಲ್ಲಿ ಮಾತ್ರ ಮಲಗುವ ಮುನ್ನ ನಮ್ಮನೆಯಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಹಾಸಿಗೆ ಹಾಸುವ ಜಾಗದಲ್ಲಿ ನಿಂತು ಅಕ್ಕ ಬಸ್ಕಿ ಹೊಡೆಯುತ್ತಿದ್ದಳು.

ಅಕ್ಕನಿಗೆ ಆಗ ಹದಿನೇಳು, ನನಗೆ ಹತ್ತು. ಅವಳ ಕಾಲೇಜಿನ ಪೀಟಿ ಮಾಸ್ತರು ಹುಡುಗಿಯರಿಗೂ ಭಾರ ಎತ್ತುವುದನ್ನು ಕಲಿಸುತ್ತಿದ್ದರು. ತಗಡಿನ ಕೋಣೆಯೊಂದರಲ್ಲಿ ಒಂದು ಸರಳು, ತುಕ್ಕು ಹಿಡಿದ ನಾಲ್ಕು ಜೋಡಿ ಕಬ್ಬಿಣದ ಬಿಲ್ಲೆ, ಅಷ್ಟೇ ಅವರ ವ್ಯಾಯಾಮಶಾಲೆ. ಮೊದಲ ತಿಂಗಳಲ್ಲೇ ಅಕ್ಕ ನಲವತ್ತೆರಡು ಕಿಲೋ ತಲೆಯ ಮೇಲೆ ಎತ್ತಿ ನಿಂತಳಂತೆ. ನಲವತ್ತೈದು ಎತ್ತಿದರೆ ಕಾರವಾರದ ಜಿಲ್ಲಾ ಪಂದ್ಯಕ್ಕೆ ಕರೆದೊಯ್ಯುತ್ತೇನೆ ಎಂದರು ಮಾಸ್ತರು. ಒಂದು ಚೀಟಿಯನ್ನೂ ಬರೆದುಕೊಟ್ಟರು: ಮಲಗುವ ಮುನ್ನ ಬಸ್ಕಿ ನಲವತ್ತು, ದಂಡ ಹದಿನೈದು, ಕಾಲು ಮುಂದಿಟ್ಟು ಮಂಡಿ ಬಾಗಿಸುವುದು ಇಪ್ಪತ್ತು.

ಅಪ್ಪ ಚೀಟಿಯನ್ನು ತಿರುವಿ ನೋಡಿ ಒಂದೇ ಮಾತು ಹೇಳಿದ. "ಟೀಮಿಗೆ ತಕಂಡ್ರೆ ಮುಂದುವರಿ. ಇಲ್ಲಾಂದ್ರೆ ಇದೆಲ್ಲ ಸಾಕು, ಆಯಿ ಸಂಗ್ತಿಗೆ ಮೀನ್ ಬುಟ್ಟಿ ಹೊತ್ಕಂಡು ಪ್ಯಾಟಿಗೆ ಹೋಗೂಕೆ ಶುರು ಮಾಡು."

ಬಸ್ಕಿ ಹೊಡೆಯುವಾಗ ಬಾಯಿ ಬಿಟ್ಟರೆ ಉಸಿರು ತಪ್ಪುತ್ತದೆ, ಎಣಿಸಲು ಬೇರೆಯವರು ಬೇಕು ಎಂದಳು ಅಕ್ಕ. ಯಾರು ಎಣಿಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ನಮ್ಮ ಓಣಿಯಲ್ಲಿ ಎಣಿಕೆ ಎಂದರೆ ನಮ್ಮಜ್ಜಿ. ಹಟ್ಟಿಕೇರಿಯವರೆಗೆ ಬುಟ್ಟಿ ಹೊತ್ತು ಮೀನು ಮಾರಿದವಳು, ದೋಣಿ ಬಂದರೆ ನಾಲ್ಕು ಮನೆಯ ಪಾಲನ್ನು ಮರಳ ಮೇಲೆ ಕೂತು ಎಣಿಸಿ ಹಾಕುತ್ತಿದ್ದವಳು. ಆ ಮಳೆಗಾಲದಲ್ಲಿ ಅವಳ ಮಂಡಿ ಹಿಡಿದು, ದಂಡೆಗೆ ಹೋಗುವುದು ನಿಂತಿತ್ತು. ಇಡೀ ದಿನ ಜಗುಲಿಯಲ್ಲಿ ಕೂತು ದಾರಿಹೋಕರನ್ನು ಮಾತಾಡಿಸುತ್ತಿದ್ದಳು. ಎಣಿಸುವ ಕೆಲಸ ಬಂದಿದ್ದೇ ಅಜ್ಜಿಗೆ ಹುರುಪೋ ಹುರುಪು. ಊಟವಾಗುತ್ತಲೇ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಮಂಡಿಗೆ ತಿಕ್ಕಿಕೊಂಡು, ಗೋಡೆಗೆ ಒರಗಿ, ಕಾಲು ನೀಡಿ ಕೂತುಬಿಡುತ್ತಿದ್ದಳು.

"ಬಾರೇ ಪೈಲ್ವಾನಿ, ನಾ ತಯಾರು!"

ಕರ್ಪೂರದ ವಾಸನೆ, ಹುರಿದ ಬಂಗಡೆಯ ವಾಸನೆ, ಅಕ್ಕನ ಬೆವರಿನ ವಾಸನೆ ಎಲ್ಲ ಸೇರಿ ಆ ಕೋಣೆ ಬೇರೆಯದೇ ಆಗುತ್ತಿತ್ತು. ಅಜ್ಜಿ ರಾಗವಾಗಿ ಎಣಿಸುವಳು. ನಾನೂ ಅಕ್ಕನ ಹಿಂದೆ ನಿಂತು ನಾಲ್ಕು ಬಸ್ಕಿ ಹೊಡೆದು, ಐದನೆಯದಕ್ಕೆ ಉರುಳಿ ಬೀಳುತ್ತಿದ್ದೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ವಿಚಿತ್ರವಾಯಿತು. ಅಕ್ಕನಿಗೆ ನಲವತ್ತೆರಡು ಎತ್ತಲಾಗಲಿಲ್ಲ. ಮರುವಾರ ನಲವತ್ತೂ ಆಗಲಿಲ್ಲ. ಸರಳು ಎದೆಯವರೆಗೆ ಬರುತ್ತದೆ, ಆಮೇಲೆ ತೊಡೆ ನಡುಗುತ್ತದೆ ಎಂದು ಹೇಳಿ ಅತ್ತಳು. ಮಾಸ್ತರಿಗೂ ತಲೆಬುಡ ತಿಳಿಯಲಿಲ್ಲ. ಪಂದ್ಯಕ್ಕೆ ಆಯ್ಕೆ ಮಾಡುವ ಶನಿವಾರಕ್ಕೆ ಇನ್ನು ಹದಿನೆಂಟು ದಿನ ಉಳಿದಿತ್ತು.

ಮನೆಯಲ್ಲಿ ತಲೆಗೊಂದು ಕಾರಣ. ದೃಷ್ಟಿಯಾಗಿದೆ ಎಂದು ಆಯಿ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಹುಡುಗಿಗೆ ಹೊಟ್ಟೆಗೆ ಸಾಲುತ್ತಿಲ್ಲ ಎಂದು ಅಜ್ಜಿ ತನ್ನ ತಟ್ಟೆಯ ಮೀನನ್ನೂ ಅವಳ ತಟ್ಟೆಗೆ ದಾಟಿಸಿದಳು. ನನಗಂತೂ ಒಂದೇ ಚಿಂತೆ ಹಿಡಿಯಿತು. ಶಕ್ತಿ ಅನ್ನುವುದು ಇದ್ದದ್ದು ಹೌದಾದರೆ ಈಗ ಎಲ್ಲಿಗೆ ಹೋಯಿತು? ಬೆವರಿನಲ್ಲಿ ಹೋಗುತ್ತದೆಯೇ ಎಂದು ಅಕ್ಕನ ಟವೆಲನ್ನು ನೆಕ್ಕಿ ನೋಡಿದೆ, ಬರೀ ಉಪ್ಪು. ಅಜ್ಜಿಯನ್ನೇ ಕೇಳಿದೆ.

"ಅಜ್ಜಿ, ಶಕ್ತಿ ಮೈಯಲ್ಲಿ ಎಲ್ಲಿ ಇರ್ತದೆ?"

"ಬಾಯಲ್ಲಂತೂ ಇರೂದಿಲ್ಲ. ಇದ್ದಿದ್ರೆ ನೀನೇ ಎತ್ತಿಬಿಡ್ತಿದ್ದೆ ಅಷ್ಟೂ ಕಬ್ಬಿಣಾನ!"

ಆ ವಾರವೇ ನಮ್ಮ ತರಗತಿಯಲ್ಲಿ ಮಗ್ಗಿ ಕಲಿಯದೆ ಬಂದ ಹುಡುಗನೊಬ್ಬನಿಗೆ ನಲವತ್ತು ಬಸ್ಕಿಯ ಶಿಕ್ಷೆಯಾಯಿತು. ನಾವೆಲ್ಲ ಒಟ್ಟಾಗಿ ಕೂಗಿ ಎಣಿಸಿದೆವು. ನೋಡನೋಡುತ್ತಿದ್ದಂತೆ ನಲವತ್ತು ಮುಗಿದೇಹೋಯಿತು. ಅವನು ನಗುತ್ತಾ ಹೋಗಿ ಕೂತ. ನಮ್ಮನೆಯ ನಲವತ್ತು ಇಷ್ಟು ಬೇಗ ಮುಗಿಯುವುದಿಲ್ಲವಲ್ಲ ಎಂದು ನನ್ನ ತಲೆಗೆ ಹುಳ ಹೊಕ್ಕಿತು.

ಅಂದು ರಾತ್ರಿ ಲಂಗದ ಮಡಿಲಲ್ಲಿ ಹುಣಸೆಬೀಜ ತುಂಬಿಕೊಂಡು ಮೂಲೆಯಲ್ಲಿ ಕೂತೆ. ಅಕ್ಕ ಒಮ್ಮೆ ಕೂತು ಎದ್ದರೆ ಒಂದು ಬೀಜವನ್ನು ಚಾಪೆಯ ಕೆಳಗೆ ತಳ್ಳಿದೆ. ಅಜ್ಜಿ "ನಲ್ವತ್ತು" ಅಂದಾಗ ಚಾಪೆ ಎತ್ತಿ ಎಣಿಸಿದೆ. ಎಂಬತ್ತು ಬೀಜ! ನಂಬಿಕೆಯಾಗದೆ ಮರುದಿನವೂ ಎಣಿಸಿದೆ. ಮತ್ತೆ ಎಂಬತ್ತು.

ನನಗೆ ಹೊಳೆದದ್ದು ಆಮೇಲೆ. ಅಜ್ಜಿ ಬಂಗಡೆ ಎಣಿಸುವಾಗ ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಎರಡನ್ನೂ ಒಟ್ಟಿಗೆ ಬುಟ್ಟಿಗೆ ಬಿಟ್ಟು "ಒಂದು" ಎನ್ನುತ್ತಿದ್ದಳು. ಅವಳ ಒಂದು ಎಂದರೆ ಒಂದು ಜೋಡಿ. ಐವತ್ತು ವರ್ಷ ಹಾಗೆ ಎಣಿಸಿದ ಬಾಯಿ ಅದು. ಅಕ್ಕ ಎರಡು ಸಲ ಕೂತು ಎದ್ದರೆ ಅದು "ಒಂದು" ಅನ್ನುತ್ತಿತ್ತು. ಅಕ್ಕನಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಕಾಲೇಜಿನಲ್ಲಿ ಕಬ್ಬಿಣ ಎತ್ತುವುದು ಮೂರು ಸಲ, ಹೆಚ್ಚೆಂದರೆ ಐದು ಸಲ, ಅದಕ್ಕೆ ಎಣಿಕೆಯೇ ಬೇಕಿರಲಿಲ್ಲ. ಇಲ್ಲಿ ಅಜ್ಜಿ ಎಣಿಸಿದ ಮೇಲೆ ಮತ್ತೊಬ್ಬರು ಎಣಿಸುವ ಪದ್ಧತಿ ನಮ್ಮ ಓಣಿಯಲ್ಲೇ ಇರಲಿಲ್ಲ. ಹೀಗೆ ಮಾಸ್ತರು ಬರೆದುಕೊಟ್ಟದ್ದರ ದುಪ್ಪಟ್ಟು ದಿನವೂ ನಡೆದು, ಬೆಳಿಗ್ಗೆ ಕಬ್ಬಿಣದ ಮುಂದೆ ನಿಲ್ಲುವಷ್ಟರಲ್ಲಿ ಅಕ್ಕನ ಕಾಲು ಸೋತಿರುತ್ತಿತ್ತು.

ಬಾವಿಕಟ್ಟೆಯಲ್ಲಿ ಅಕ್ಕನಿಗೆ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೊಡಪಾನ ಕೆಳಗಿಟ್ಟಳು.

"ಅಜ್ಜಿಗೆ ಹೇಳ್ಬೇಡ. ಅವ್ಳ ಎಣಿಕೆ ತಪ್ಪು ಅಂದ್ರೆ ಊಟ ಬಿಟ್ಟು ಕೂತ್ಕಣ್ತಾಳೆ."

"ಮತ್ತೆ ಎಂತ ಮಾಡೂದು?"

"ನೀ ಎಣಿಸು."

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ರಾತ್ರಿ ಅಜ್ಜಿ ಎಣ್ಣೆ ಹಚ್ಚಿಕೊಂಡು ಬಂದಾಗ ಆ ಜಾಗದಲ್ಲಿ ನಾನು ಕೂತಿದ್ದೆ.

"ಅಜ್ಜಿ, ನೀ ಮಲ್ಕೋ. ನಿಂಗೆ ಸುಮ್ನೆ ತ್ರಾಸು. ಇವ್ಳು ಎಣಿಸ್ತಾಳೆ," ಎಂದಳು ಅಕ್ಕ.

"ತ್ರಾಸು ಅಂತ ಯಾರೇ ಹೇಳಿದ್ರು?"

ಅಕ್ಕ ಬಸ್ಕಿಗೆ ನಿಂತಳು. ಅಜ್ಜಿ ಬಾಗಿಲಿಂದಲೇ ತಿರುಗಿ ಒಳಗೆ ಹೋದಳು. ನಾನು ಒಂದೊಂದಾಗಿ ನಲವತ್ತು ಎಣಿಸಿದೆ. ಅರ್ಧ ಹೊತ್ತಿಗೇ ಮುಗಿಯಿತು.

ವಾರ ಕಳೆದಾಗ ಅಕ್ಕನಿಗೆ ನಲವತ್ತೆರಡು ಮತ್ತೆ ಎತ್ತಲು ಬಂತು. ಆಯ್ಕೆಯ ಶನಿವಾರ ನಲವತ್ತೈದನ್ನೂ ಎತ್ತಿದಳು, ನಾನು ತಗಡಿನ ಕೋಣೆಯ ಕಿಟಕಿಯಿಂದ ಕಣ್ಣಾರೆ ನೋಡಿದೆ. ಕಾರವಾರದಲ್ಲಿ ಮೂರನೆಯ ಸ್ಥಾನ ಬಂದು, ಕೊರಳಲ್ಲಿ ಪದಕ ಹಾಕಿಕೊಂಡು ಬಂದ ದಿನ ಅಪ್ಪ ಅವಳ ತಲೆ ಸವರಿ, ದೊಡ್ಡದೊಂದು ಇಸವಾಣ ಮೀನು ತಂದುಕೊಟ್ಟ. ಪ್ಯಾಟಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು.

ಎಲ್ಲರೂ ಪದಕ ನೋಡಿ ಮುಗಿದ ಮೇಲೆ ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಜಗುಲಿಯಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ನೋಡು ಮಗಾ, ನಾ ಎಣಿಸ್ತಿದ್ದಷ್ಟು ದಿನ ಅವ್ಳ ಕೈಲಿ ಆಗ್ಲಿಲ್ಲ. ನೀ ಎಣಿಸಿದ್ ಮೇಲೆ ಎತ್ತಿಬಿಟ್ಲು. ನನ್ನ ಬಾಯಿಗುಣವೇ ಚಲೋ ಇಲ್ಲ ಕಾಣ್ತದೆ."

ಅವಳು ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳಂತೆ ಹೇಳಿದಳು. ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಕ್ಕನಿಗೆ ಮಾತು ಕೊಟ್ಟಿದ್ದೆ, ಅಜ್ಜಿಯ ಎಣಿಕೆಯ ಮರ್ಯಾದೆ ಉಳಿಸುತ್ತಿದ್ದೇನೆ ಎಂಬ ದೊಡ್ಡಸ್ತಿಕೆಯೂ ಇತ್ತು. "ಹಾಂಗೆಲ್ಲ ಇಲ್ಲ ಅಜ್ಜಿ" ಎಂದಷ್ಟೇ ಹೇಳಿ ಎದ್ದುಹೋದೆ.

ಅಲ್ಲಿಂದಾಚೆ ಅಜ್ಜಿ ಎಣಿಸುವುದನ್ನೇ ಬಿಟ್ಟಳು. ಪಕ್ಕದ ಮನೆಯವರು ಮೀನಿನ ಬುಟ್ಟಿಯನ್ನು ಜಗುಲಿಗೇ ತಂದಿಟ್ಟು ಕರೆದರೂ "ನಂಗೆ ಬ್ಯಾಡ, ನೀವೇ ನೋಡ್ಕಣಿ" ಎನ್ನುವಳು. ಅಕ್ಕ ಮುಂದಿನ ಪಂದ್ಯಗಳಿಗೆ ಹೊರಡುವಾಗ ಎದುರು ಬಾರದೆ ಹಿತ್ತಿಲಲ್ಲಿ ಉಳಿಯುವಳು. ಅದು ಯಾಕೆಂದು ಅರ್ಥವಾಗುವಷ್ಟು ನಾನು ದೊಡ್ಡವಳಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಈಗ ಅಕ್ಕ ಕಾರವಾರದಲ್ಲಿ ಹೆಣ್ಣುಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸುತ್ತಾಳೆ. ನಾನೂ ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗುತ್ತೇನೆ, ಮಲಗುವ ಮುನ್ನ ಬಸ್ಕಿ ಹೊಡೆಯುತ್ತೇನೆ. ಕೈಗಡಿಯಾರವೇ ಎಣಿಸುತ್ತದೆ, ಒಂದೂ ತಪ್ಪುವುದಿಲ್ಲ. ಕೋಣೆಯಲ್ಲಿ ಕರ್ಪೂರದೆಣ್ಣೆಯ ವಾಸನೆ ಇಲ್ಲ, ಪೈಲ್ವಾನಿ ಎಂದು ಕರೆಯುವವರೂ ಇಲ್ಲ. ಕಳೆದದ್ದೆಲ್ಲ ಕಾಲ ಕಳೆದದ್ದು ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅಜ್ಜಿಯ ಎಣಿಕೆಯನ್ನು ಕಳೆದದ್ದು ಕಾಲವಲ್ಲ, ನಾನು. ನೀನು ಜೋಡಿ ಎಣಿಸುತ್ತಿದ್ದೆ ಅಜ್ಜಿ ಎಂದು ಹೇಳಿಬಿಟ್ಟಿದ್ದರೆ ಅವಳು ಒಂದು ಹೊತ್ತಿನ ಊಟ ಬಿಡುತ್ತಿದ್ದಳೇನೋ. ಮರುದಿನ ನಗಾಡಿ, ಒಂದೊಂದಾಗಿ ಎಣಿಸಲು ಬಂದು ಕೂರುತ್ತಿದ್ದಳು. ನಾನು ಹೇಳಲಿಲ್ಲ. ತನ್ನ ಬಾಯಿಂದ ಮೊಮ್ಮಗಳಿಗೆ ಕೆಡುಕಾಗುತ್ತದೆ ಎಂದು ನಂಬಿಕೊಂಡೇ ಅವಳು ಹೋದಳು.