ಗೋಡೆಯಾಚೆಯ ಡ್ರಮ್ಮು

ಸಿಡ್ನಿಯಲ್ಲಿ ಸರ್ಕಾರಿ ಬಾಡಿಗೆ ಮನೆಗಳ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದಾಗ, ಬೇರೆ ಬೇರೆ ಬಡಾವಣೆಯ ಇಬ್ಬರು ಬಾಡಿಗೆದಾರರು ಒಪ್ಪಿದರೆ ಮನೆ ಅದಲುಬದಲು ಮಾಡಿಕೊಳ್ಳಬಹುದಿತ್ತು. ಮೊದಲು ಒಬ್ಬರ ಮನೆಯನ್ನು ಇನ್ನೊಬ್ಬರು ನನ್ನೆದುರು ನೋಡಬೇಕು. ಹೆಚ್ಚುಕಡಿಮೆ ನಮ್ಮ ಹೆಣ್ಣು ನೋಡುವ ಶಾಸ್ತ್ರವೇ.

ಬ್ಲ್ಯಾಕ್‌ಟೌನಿನ ಫ್ಲ್ಯಾಟ್ ಕಟ್ಟಡವೊಂದರಲ್ಲಿದ್ದ ಜೋನ್ ಎಂಬ ಅಜ್ಜಿಗೆ ಎಪ್ಪಿಂಗಿನಲ್ಲಿ ಮನೆ ಬೇಕಿತ್ತು. ಅಲ್ಲಿದ್ದ ಮಗಳು ಅವಳಿ ಮಕ್ಕಳನ್ನು ಹೆತ್ತು ಒಬ್ಬಳೇ ಒದ್ದಾಡುತ್ತಿದ್ದಳು. ಬಹಳ ಕಾಲ ಕಾದ ಮೇಲೆ ಎಪ್ಪಿಂಗಿನ ಟೋನಿ ಎಂಬ ಮಿತಭಾಷಿ ಸಿಕ್ಕರು. ಅವರ ಮನೆಯನ್ನು ಜೋನ್ ಮೊದಲೇ ನೋಡಿ ಮೆಚ್ಚಿದ್ದರು. ಅವರು ಜೋನ್ ಮನೆ ನೋಡುತ್ತಿರುವಾಗಲೇ ಗೋಡೆಯಾಚೆ ಧಡಧಡ ಸದ್ದು ಶುರುವಾಯಿತು.

"ಏನೋ ರಿಪೇರಿ ಇರಬೇಕು," ಎಂದೆ, ಕೆಲಸ ಕೆಡದಿರಲಿ ಅಂತ.

"ರಿಪೇರಿ ಅಲ್ಲ," ಎಂದರು ಜೋನ್. "ಪಕ್ಕದ ಮನೆಯಾಕೆ ದಿನಾ ಡ್ರಮ್ ಬಾರಿಸ್ತಾಳೆ. ಮುಚ್ಚಿಟ್ಟು ಮನೆ ಕೊಡೋದು ಸರಿಯಲ್ಲ."

ಮುಗಿಯಿತು ಅಂದುಕೊಂಡೆ. ಟೋನಿ ಮಾತ್ರ ಗೋಡೆಗೆ ಕಿವಿಯಿಟ್ಟು ನಿಂತುಬಿಟ್ಟರು.

"ತಾಳ ಸ್ವಲ್ಪ ಓಡ್ತಾ ಇದೆ," ಎಂದರು. "ನಾನು ಸ್ಯಾಕ್ಸೊಫೋನ್ ಊದ್ತೀನಿ. ಅದಕ್ಕೇ ನನ್ನ ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ. ನಿಮಗೆ ಹೇಳೋದೋ ಬೇಡವೋ ಅಂತ ಯೋಚಿಸ್ತಿದ್ದೆ."

ಜೋನ್ ನಕ್ಕೂ ನಕ್ಕೂ ಕುರ್ಚಿ ಹುಡುಕಬೇಕಾಯಿತು. ಇಬ್ಬರೂ ಅಲ್ಲೇ ಒಪ್ಪಿದರು.

ಮನೆ ಬದಲಾದ ವಾರದಲ್ಲೇ ಎಪ್ಪಿಂಗಿನ ನೆರೆಯವರು ನಮ್ಮ ಆಫೀಸಿಗೆ ಕೇಕ್ ಕಳಿಸಿದರು. ಬ್ಲ್ಯಾಕ್‌ಟೌನಿನ ಆ ಕಟ್ಟಡದಿಂದ ಮಾತ್ರ ಅದಲುಬದಲಿಗೆ ಹೊಸ ಅರ್ಜಿಗಳು ಬರತೊಡಗಿದವು.